ಎಣ್ಣೆ ಅರಿಶಿನ ಮೆತ್ತಿದ ಕಾರ್ಡು

ಅರಿಶಿನ ಶಾಸ್ತ್ರದ ಫೋಟೋ ತೆಗೆಯಲು ಹೋಗುವಾಗ ನಾನು ಹಳೆಯ ಚೂಡಿದಾರವನ್ನೇ ಹಾಕಿಕೊಳ್ಳುತ್ತೇನೆ. ಮದುಮಗಳಿಗೆ ಹಚ್ಚಿ ಉಳಿದ ಎಣ್ಣೆ ಅರಿಶಿನವನ್ನು ಫೋಟೋದವಳ ಕೆನ್ನೆಗೂ ಮೆತ್ತದಿದ್ದರೆ ನಮ್ಮ ಕಡೆಯ ಹೆಂಗಸರಿಗೆ ಶಾಸ್ತ್ರ ಮುಗಿದಂತೆ ಅನ್ನಿಸುವುದೇ ಇಲ್ಲ. ಬೇಡ ಎಂದರೆ ಇನ್ನೊಂದು ಹಿಡಿ ಹೆಚ್ಚಿಗೆ ಬೀಳುತ್ತದೆ. ಹಾಗಾಗಿ ಕೆನ್ನೆ ಒಡ್ಡಿ ನಿಂತು, ಕ್ಯಾಮೆರಾವನ್ನು ಮಾತ್ರ ಬೆನ್ನ ಹಿಂದೆ ಮರೆಮಾಡುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಈ ಮದುಮಗಳು ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ನರ್ಸ್. ಮದುವೆಗೆ ಕೆಲವು ದಿನ ಮೊದಲು, ಡ್ಯೂಟಿ ಮುಗಿಸಿಕೊಂಡು ವಿದ್ಯಾನಗರದ ನನ್ನ ಸ್ಟುಡಿಯೋಗೆ ಬಂದಿದ್ದಳು. ಆಲ್ಬಮ್ಮಿನ ಅಳತೆ, ಡ್ರೋನ್ ಬೇಕೋ ಬೇಡವೋ ಎಂಬ ಮಾತುಗಳಿಗೆಲ್ಲ ಅರ್ಧ ಕಿವಿ ಕೊಟ್ಟು ಕೂತಿದ್ದವಳು ಕೊನೆಗೆ ತನ್ನ ವಿಷಯಕ್ಕೆ ಬಂದಳು.

"ಮೇಡಂ, ನಂಗೆ ಮೊದಲು ಅರಿಶಿನ ಹಚ್ಚೋದು ನಮ್ಮಮ್ಮ. ಮಾರನೇ ದಿನ ಧಾರೆ ಎರೆಯೋದೂ ಅಮ್ಮನೇ. ಇಷ್ಟಕ್ಕೆ ಒಪ್ಸೋಕೆ ನಂಗೆ ಸಾಕುಸಾಕಾಗಿದೆ."

ತಂದೆ ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸದಲ್ಲಿದ್ದವರು, ಇವಳು ಶಾಲೆಗೆ ಹೋಗುವಾಗಲೇ ತೀರಿಹೋಗಿದ್ದರು. ತಾಯಿ ರವಿಕೆ ಹೊಲಿದು ಸಾಕಿದ್ದರು. ಅಂದಿನಿಂದ ಯಾವ ಶುಭಕಾರ್ಯದಲ್ಲೂ ಆಕೆ ಮುಂದೆ ಬಂದವರಲ್ಲ. ನೆಂಟರ ಮದುವೆಗೆ ಹೋದರೂ ಅಡುಗೆಮನೆ ಹಿಡಿಯುತ್ತಿದ್ದರು, ಯಾರ ಆಲ್ಬಮ್ಮಿನಲ್ಲೂ ಆಕೆಯ ಮುಖವಿರಲಿಲ್ಲ. ಗಂಡನಿಲ್ಲದವಳು ಅರಿಶಿನ ಮುಟ್ಟಬಾರದು, ಧಾರೆಗೆ ನಿಲ್ಲಬಾರದು ಎಂದು ಯಾರೂ ಗಟ್ಟಿಯಾಗಿ ಹೇಳಬೇಕಾಗಿಯೇ ಇರಲಿಲ್ಲ. ಧಾರೆಯನ್ನು ಚಿಕ್ಕಪ್ಪ, ಚಿಕ್ಕಮ್ಮ ಎರೆಯುವುದೆಂದು ಮನೆಯವರೆಲ್ಲ ತಿಳಿದುಕೊಂಡಿದ್ದರು. ಮಗಳೊಬ್ಬಳು ತಿಳಿದುಕೊಂಡಿರಲಿಲ್ಲ.

"ಅರಿಶಿನಕ್ಕೆ ವಿಡಿಯೋ ಬೇಡ ಮೇಡಂ. ಮೊಬೈಲೂ ಯಾರೂ ಎತ್ತಬಾರ್ದು ಅಂತ ಹೇಳಿದೀನಿ. ಎತ್ತಿದ್ರೆ ಅಮ್ಮ ನಾಚ್ಕೊಂಡು ಒಳಗೆ ಹೋಗ್ಬಿಡ್ತಾಳೆ. ನೀವೊಬ್ರೇ ತೆಗೀರಿ, ಗೊತ್ತಾಗದ ಹಂಗೆ."

ಆಯಿತು ಎಂದೆ. ಅಂದರೆ, ಆ ಗಳಿಗೆಗೆ ಸಾಕ್ಷಿ ಇರುವುದು ನನ್ನ ಕ್ಯಾಮೆರಾದೊಳಗಿನ ಅಂಚೆಚೀಟಿಯಗಲದ, ಮೆಮೊರಿ ಕಾರ್ಡೆಂಬ ಪ್ಲಾಸ್ಟಿಕ್ ತುಂಡೊಂದೇ ಎಂದಾಯಿತು. ಆಗ ಅದು ನನಗೆ ಹೊಳೆಯಲಿಲ್ಲ. ಎರಡು ಕಾರ್ಡುಗಳಿಗೆ ಒಟ್ಟಿಗೇ ಬರೆಯುವ ನನ್ನ ಒಳ್ಳೆಯ ಕ್ಯಾಮೆರಾ ರಿಪೇರಿಗೆ ಹೋಗಿತ್ತು. ಶಾಸ್ತ್ರದ ದಿನ, ಒಂದೇ ಕಾರ್ಡು ಹಿಡಿಯುವ ಹಳೆಯದನ್ನು ಹೆಗಲಿಗೆ ಹಾಕಿಕೊಂಡು ಭದ್ರಾವತಿಯ ನ್ಯೂ ಟೌನಿಗೆ ಹೊರಟೆ.

ಹಳೆಯ ಕ್ವಾರ್ಟರ್ಸ್ ಮನೆಯ ಮುಂದೆ ಸಣ್ಣದೊಂದು ಚಪ್ಪರ. ನಾನು ಚಪ್ಪಲಿ ಬಿಡುವಷ್ಟರಲ್ಲೇ ಮದುಮಗಳ ಸೋದರತ್ತೆ, ಅಂದರೆ ತೀರಿಹೋದ ತಂದೆಯ ಅಕ್ಕ, ಎದುರಾದರು. ಬಾಯಿ ಜೋರು, ಕೈ ಅದಕ್ಕಿಂತ ಜೋರು. "ಬಾ ಮಾರಾಯ್ತಿ, ನೀನು ಮಾತ್ರ ಬೆಳ್ಳಗೆ ಹೋದ್ರೆ ಹೆಂಗೆ?" ಎನ್ನುತ್ತ, ಶಾಸ್ತ್ರ ಶುರುವಾಗುವ ಮುಂಚೆಯೇ ಎರಡೂ ಕೆನ್ನೆಗೆ ಬಳಿದರು. ನಾನು ತಡೆಯಲು ಕೈ ಎತ್ತಿದಾಗ ಅಂಗೈಗೂ ಬೆರಳಿಗೂ ಬಳಿದರು. ಸುತ್ತ ಇದ್ದವರೆಲ್ಲ ನಕ್ಕರು, ನಾನೂ ನಕ್ಕೆ. ದುಪಟ್ಟಾಗೆ ಕೈ ಒರೆಸಿಕೊಂಡೆ. ಅರಿಶಿನ ಹೋದಂತೆ ಕಂಡಿತು. ಎಣ್ಣೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಮದುಮಗಳು ಬಂದು ಮಣೆಯ ಮೇಲೆ ಕೂರುವ ಮೊದಲು, ಹಾಕಿದ್ದ ಕಾರ್ಡಿನಲ್ಲಿ ಜಾಗ ಕಡಿಮೆಯಿರುವುದು ಕಂಡಿತು. ಮುಖ್ಯ ಗಳಿಗೆಯಲ್ಲಿ ಕಾರ್ಡ್ ತುಂಬಿ ನಿಲ್ಲುವುದಕ್ಕಿಂತ ಈಗಲೇ ಬದಲಿಸುವುದು ಮೇಲೆಂದು ಬೇರೆಯದನ್ನು ಹಾಕಿದೆ. ಕೆಲಸದ ಲೆಕ್ಕದಲ್ಲಿ ಸರಿಯಾದ ತೀರ್ಮಾನವೇ. ಹಾಕಿದ ಬೆರಳು ಮಾತ್ರ ಸರಿಯಿರಲಿಲ್ಲ.

ಮದುಮಗಳು ಯಾರನ್ನೂ ಕೇಳದೆ "ಅಮ್ಮಾ, ಬಾ" ಎಂದು ಕೂಗಿದಳು. ತಾಯಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಎರಡನೆಯ ಸಲ ಕರೆದ ಮೇಲೆ ಬಂದರು, ಬಟ್ಟಲಿಗೆ ಬೆರಳದ್ದಿ ಮಗಳ ಕೆನ್ನೆಗೆ, ಕೈಗೆ, ಪಾದಕ್ಕೆ ಹಚ್ಚಿದರು. ಎದ್ದು ಹೋಗಲು ನೋಡಿದಾಗ ಮಗಳು ಸೆರಗು ಹಿಡಿದು ಕೂರಿಸಿ, ಅವರ ಹಣೆಗೇ ಕುಂಕುಮ ಇಟ್ಟಳು. ನಾನು ಕಂಬದ ಮರೆಯಲ್ಲಿ ನಿಂತು ಒಂದೇ ಸಮನೆ ಕ್ಲಿಕ್ ಮಾಡುತ್ತಿದ್ದೆ. ಕಾರ್ಡಿಗೆ ಬರೆಯುವಾಗ ಉರಿಯುವ ಕೆಂಪು ದೀಪ ಆವತ್ತು ಹೆಚ್ಚು ಹೊತ್ತು ಉರಿಯುತ್ತಿತ್ತು. ಹಳೆಯ ಕ್ಯಾಮೆರಾ, ನಿಧಾನ, ಅಂದುಕೊಂಡೆ. ಒಮ್ಮೆ ಕಾರ್ಡ್ ದೋಷವೆಂದು ತೋರಿಸಿತು. ಆಫ್ ಮಾಡಿ ಆನ್ ಮಾಡಿದೆ, ಮತ್ತೆ ನಡೆಯಿತು.

ಶಾಸ್ತ್ರ ಮುಗಿದ ಮೇಲೆ ಅತ್ತೆಯೇ ಬಂದು ಪಕ್ಕದಲ್ಲಿ ನಿಂತರು. "ತೋರ್ಸು ನೋಡಣ, ನಾನು ಹೆಂಗೆ ಬಂದಿದೀನಿ."

ಬಟನ್ ಒತ್ತಿದೆ. ಕಾರ್ಡನ್ನು ಓದಲಾಗುತ್ತಿಲ್ಲ, ಫಾರ್ಮ್ಯಾಟ್ ಮಾಡಿ ಎಂದು ಬಂತು.

"ಹಂಗಂದ್ರೆ?"

"ಸ್ವಲ್ಪ ತೊಂದರೆ ಇದೆ ಅಮ್ಮ. ನೋಡ್ತೀನಿ."

"ಏನೂ ಬಂದಿಲ್ವಾ? ಯಾವ್ದು, ಇವಳು ಹಚ್ಚಿದ್ದಾ?"

ಬಾಯಿ ಜೋರು ಎಂದೆನಲ್ಲ. ಚಪ್ಪರದಲ್ಲಿದ್ದವರಿಗೆಲ್ಲ ಕೇಳಿಸಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಆಮೇಲೆ ದನಿ ತಗ್ಗಿಸಿದರು. ಆದರೆ ಆಗಬೇಕಾದ್ದು ಆಗಿಹೋಗಿತ್ತು. "ನಾನು ಬೇಡ ಬೇಡ ಅಂತ ಹೇಳ್ದೆ. ಕೇಳ್ಲಿಲ್ಲ. ಬೆಳಗ್ಗಿಂದ ಎಲ್ಲಾ ಸರಿ ಇತ್ತು, ಇವಳು ಕೈ ಇಟ್ಟಿದ್ದೇ ತಡ... ನನ್ನ ತಮ್ಮನ ಮಗಳು ಮಾರಾಯ್ತಿ, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರಿಗೆ ಹೇಳೋದು?"

ಕೊನೆಯ ಮಾತು ಹೇಳುವಾಗ ಅವರ ಕಣ್ಣು ತುಂಬಿತ್ತು. ಅದಕ್ಕೇ ಅವರ ಮೇಲೆ ಪೂರಾ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು, ಅಷ್ಟೇ. ಆದರೆ ಆ ತಾಯಿ ಬಟ್ಟಲು ಎತ್ತುತ್ತಿದ್ದವರು ನಿಂತರು, ಸೆರಗಿನ ತುದಿಯಿಂದ ಹಣೆಯ ಕುಂಕುಮ ಒರೆಸಿಕೊಂಡರು. "ನಾಳೆ ಧಾರೆಗೆ ಚಿಕ್ಕಪ್ಪ ಚಿಕ್ಕಮ್ಮನೇ ನಿಲ್ಲಲಿ" ಎಂದಷ್ಟೇ ಹೇಳಿ ಒಳಗೆ ಹೋದರು. ಒಂದು ಕಾರ್ಡು ಕೆಟ್ಟದ್ದಕ್ಕೆ ಒಬ್ಬ ಹೆಂಗಸು ತನ್ನ ಮಗಳ ಮದುವೆಯಿಂದ ಹಿಂದೆ ಸರಿಯುವುದೆಂದರೇನು?

ಮದುಮಗಳು ಗೇಟಿನವರೆಗೆ ನನ್ನ ಹಿಂದೆ ಬಂದಳು. ಅಳಲಿಲ್ಲ. ನರ್ಸುಗಳು ಎಲ್ಲರೆದುರು ಅಳುವುದಿಲ್ಲ ಅಂತ ಕಾಣುತ್ತದೆ. "ಒಂದಾದ್ರೂ ಸಿಗುತ್ತಾ ನೋಡಿ ಮೇಡಂ. ಆಲ್ಬಮ್‌ಗಲ್ಲ. ನಾಳೆ ಬೆಳಿಗ್ಗೆ ಅಮ್ಮಂಗೆ ತೋರ್ಸೋಕೆ."

ಮರುದಿನದ ಮದುವೆಗೆಂದು ನಾನು ಗೊತ್ತುಮಾಡಿದ್ದ ವಿಡಿಯೋದವನು ಭದ್ರಾವತಿಯವನೇ. ದೀಪ ಎಲ್ಲೆಲ್ಲಿ ಇಡಬೇಕೆಂದು ಕೇಳಲು ಬಂದವನು ಗೇಟಿನಲ್ಲೇ ಸಿಕ್ಕ. ವಿಷಯ ಕೇಳಿದ ಕೂಡಲೇ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದ. "ಕೊಡಿ ಅಕ್ಕಾ, ರಿಪೇರ್ ಕೊಟ್ರೆ ಎರಡು ನಿಮಿಷ. ನಾನು ಎಷ್ಟ್ ಸಲ ಮಾಡಿದೀನಿ."

"ಎಷ್ಟು ಸಲ ಸಿಕ್ಕಿದೆ?"

"ಅರ್ಧಕ್ಕರ್ಧ."

ಕೊಡಲಿಲ್ಲ. ರಿಪೇರಿ ಎಂದರೆ ಕಂಪ್ಯೂಟರು ಕೆಟ್ಟ ಕಾರ್ಡಿನ ಮೇಲೇ ತನಗೆ ತೋಚಿದ್ದನ್ನು ಬರೆಯುವುದು. ಸರಿಹೋದರೆ ಪುಣ್ಯ, ಹೋಗದಿದ್ದರೆ ಇದ್ದದ್ದೂ ಹೋಗುತ್ತದೆ. ಅರ್ಧಕ್ಕರ್ಧ ಆಟ ಆಡಲು ನನ್ನ ಹತ್ತಿರ ಇದ್ದದ್ದು ಒಂದೇ ಕಾರ್ಡು. ಅದರ ಮೇಲೆ ಇನ್ನೇನೂ ಬರೆಯಲಾಗದಂತೆ ಪಕ್ಕದ ಪುಟ್ಟ ಕೀಲಿಯನ್ನು ಲಾಕ್ ಕಡೆಗೆ ಸರಿಸಿ, ಡಬ್ಬಿಯಲ್ಲಿಟ್ಟು, ಸ್ಕೂಟರ್ ಹತ್ತಿದೆ. ಶಿವಮೊಗ್ಗ ಮುಟ್ಟುವವರೆಗೂ ಅತ್ತೆಯನ್ನೂ, ಆ ಅರಿಶಿನವನ್ನೂ, ಸರ್ವೀಸ್ ಸೆಂಟರಿನವರನ್ನೂ ಸರದಿಯ ಮೇಲೆ ಬೈದುಕೊಂಡೆ.

ಸ್ಟುಡಿಯೋದ ಮೇಜಿನ ದೀಪದ ಕೆಳಗೆ, ಭೂತಗನ್ನಡಿ ಹಿಡಿದು ನೋಡಿದಾಗ ಕಾರ್ಡಿನ ಹಿಂಬದಿಯ ಹೊಂಬಣ್ಣದ ಪಟ್ಟಿಗಳ ಮೇಲೆ ಹಳದಿ ಪೊರೆ ಕಂಡಿತು. ಕ್ಯಾಮೆರಾ ಕಾರ್ಡಿನೊಡನೆ ಮಾತನಾಡುವುದು ಆ ಪಟ್ಟಿಗಳ ಮೂಲಕವೇ. ಅಲ್ಲಿ ಎಣ್ಣೆ ಕೂತರೆ ಮಾತು ಅರ್ಧ ಕೇಳುತ್ತದೆ, ಅರ್ಧ ಕೇಳುವುದಿಲ್ಲ. ಮೊಬೈಲ್ ರಿಪೇರಿಯವರು ಇಂಥದ್ದಕ್ಕೆ ರಬ್ಬರಿನಿಂದ ಉಜ್ಜುತ್ತಾರೆ. ನನಗೆ ಧೈರ್ಯ ಬರಲಿಲ್ಲ, ಆ ಲೇಪ ತೀರಾ ತೆಳು. ಲೆನ್ಸ್ ಬಿಚ್ಚಿದಾಗ ಬಳಸುವ ಸ್ಪಿರಿಟ್ಟಿನಲ್ಲಿ ಹತ್ತಿಕಡ್ಡಿ ಅದ್ದಿ, ಒಂದೇ ದಿಕ್ಕಿಗೆ ಎಳೆದೆ. ಹತ್ತಿ ಹಳದಿಯಾಯಿತು. ಅದನ್ನು ಎಸೆಯದೆ ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟೆ. ಯಾಕೆಂದು ಆಗ ನನಗೇ ಸ್ಪಷ್ಟವಿರಲಿಲ್ಲ.

ಕಾರ್ಡು ಒಣಗಲು ಬಿಟ್ಟು ಕೂತಾಗ ಒಂದು ಮಾತು ತಲೆಯಲ್ಲಿ ಸುತ್ತುತ್ತಿತ್ತು. ನಾನು ಕೆಲಸ ಕಲಿತದ್ದು ರೀಲಿನ ಕೊನೆಗಾಲದಲ್ಲಿ. ರೀಲು ಕೆಟ್ಟರೆ ಕಣ್ಣಿಗೆ ಕಾಣುತ್ತಿತ್ತು, ಬೆಳಕು ಬಿದ್ದಷ್ಟು ಭಾಗ ಹೋಗಿ ಉಳಿದದ್ದು ಉಳಿಯುತ್ತಿತ್ತು. ಹಾರ್ಡ್ ಡಿಸ್ಕ್ ಕೂಡ ಸಾಯುವ ಮುಂಚೆ ಹೆಚ್ಚಾಗಿ ಕಟಕಟ ಎನ್ನುತ್ತದೆ. ಈ ಕಾರ್ಡು ಮಾತ್ರ ಕೆಮ್ಮುವುದೂ ಇಲ್ಲ, ನರಳುವುದೂ ಇಲ್ಲ. ಬರೆದು ಬರೆದು ಒಳಗೇ ಸವೆಯುತ್ತದೆ. ಪೇಟೆಯಲ್ಲಿ ನಕಲಿಯೂ ಅಸಲಿಯ ಸ್ಟಿಕ್ಕರ್ ಅಂಟಿಸಿಕೊಂಡು ಕೂತಿರುತ್ತದೆ. ಆದರೂ ಜನರ ಜೀವಮಾನದಲ್ಲಿ ಒಮ್ಮೆ ಬರುವ ಗಳಿಗೆಯನ್ನು ಅದರ ಕೈಗೇ ಕೊಟ್ಟು, ಊಟಕ್ಕೆ ಕೂರುತ್ತೇವೆ.

ಕಾರ್ಡನ್ನು ರೀಡರಿಗೆ ಹಾಕಿದೆ. ಕಂಪ್ಯೂಟರು ಗುರುತು ಹಿಡಿಯಿತು, ಗಾತ್ರವನ್ನೂ ಸರಿಯಾಗಿ ತೋರಿಸಿತು. ಜೀವ ಇದೆ ಎಂದಾಯಿತು. ಬೆನ್ನಿಗೇ ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ಬೇಡಪ್ಪಾ ಎಂದು ಮುಚ್ಚಿದೆ. ಮೊದಲು ಮಾಡಬೇಕಾದ್ದು ಫೋಟೋ ಹುಡುಕುವುದಲ್ಲ, ಇಡೀ ಕಾರ್ಡಿನ ಪಡಿಯಚ್ಚು ತೆಗೆಯುವುದು. ಒಳಗೆ ಏನಿದೆಯೆಂದು ನೋಡದೆ, ಮೊದಲ ತುದಿಯಿಂದ ಕೊನೆಯ ತುದಿಯವರೆಗೆ ಇದ್ದದ್ದನ್ನು ಇದ್ದ ಹಾಗೆ ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡು, ಹುಡುಕಾಟವನ್ನೆಲ್ಲ ಆ ಪಡಿಯಚ್ಚಿನ ಮೇಲೆ ನಡೆಸುವುದು. ಆಗ ತಪ್ಪಾದರೂ ಮೂಲಕ್ಕೆ ಪೆಟ್ಟಾಗುವುದಿಲ್ಲ.

ಶುರುವಾದ ಸ್ವಲ್ಪ ಹೊತ್ತಿಗೇ ನಿಂತಿತು. ಯಾವ ಫೋಟೋ ಎಲ್ಲಿದೆ ಎಂದು ಕಾರ್ಡು ಬರೆದಿಟ್ಟುಕೊಳ್ಳುವ ಜಾಗ ಇರುವುದು ಆರಂಭದಲ್ಲೇ, ಏಟು ಬಿದ್ದದ್ದೂ ಅಲ್ಲೇ. ಇನ್ನೊಮ್ಮೆ ಹಾಕಿದೆ, ಅಲ್ಲೇ ಸಿಕ್ಕಿಕೊಂಡಿತು. ಕಾರ್ಡು ಮುಟ್ಟಿದರೆ ಬಿಸಿ. ಇನ್ನೊಮ್ಮೆ, ಮತ್ತೊಮ್ಮೆ ಎಂದು ಕೈ ತುರಿಸುತ್ತಿತ್ತು. ಅಷ್ಟರಲ್ಲಿ ವಿಡಿಯೋದವನ ಫೋನು. "ಏನಾಯ್ತಕ್ಕಾ? ಇಲ್ಲಿ ಎಲ್ಲಾರೂ ಅದೇ ಮಾತಾಡ್ತಾವ್ರೆ. ನಾಳೆ ಧಾರೆಗೆ ಚಿಕ್ಕಪ್ಪನೋರಿಗೆ ಪಂಚೆ ತೆಗೆದಿಟ್ಬಿಟ್ರು." ಸಿಕ್ಕಿತು, ಹೆದರಬೇಡಿ ಎಂದು ಹೇಳಿಬಿಡು ಅನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಬೆಳಿಗ್ಗೆ ಬರಿಗೈಲಿ ಹೋಗಿ ನಿಂತರೆ ಆ ತಾಯಿಯನ್ನು ಎರಡನೆಯ ಸಲ ಬೀಳಿಸಿದಂತಾಗುತ್ತದೆ ಎಂದು ನುಂಗಿಕೊಂಡೆ.

ಕಾರ್ಡನ್ನು ಹೊರಗೆ ತೆಗೆದೆ. ಆ ಸಂಜೆ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಪ್ರತಿ ಸಲ ಹಟ ಹಿಡಿದು ಓದಿಸುವಾಗಲೂ ಅದರ ಉಳಿದ ಆಯುಸ್ಸನ್ನು ನಾನೇ ತಿನ್ನುತ್ತಿದ್ದೆ. ಅದು ತಣ್ಣಗಾಗುವವರೆಗೆ ಒಂದು ಲೋಟ ಕಾಫಿ ಮಾಡಿಕೊಂಡು ಕುಡಿದೆ. ಮತ್ತೆ ಬೇರೆ ರೀಡರಿಗೆ ಹಾಕಿ, ಈ ಸಲ ಕೊನೆಯಿಂದ ಮೊದಲಿಗೆ, ಹಿಮ್ಮುಖವಾಗಿ ಓದಿಸಿದೆ. ಒಡೆದ ಜಾಗ ಬಂದರೆ ಹಟ ಮಾಡದೆ ದಾಟಿ ಮುಂದೆ ಹೋಗಲು ಹೇಳಿದೆ. ನಿಧಾನವಾಗಿ, ಕುಂಟುತ್ತ, ಬಂತು. ಆರಂಭದ ಸಣ್ಣ ತುಂಡೊಂದು ಉಳಿಯಿತು. ಅದಕ್ಕಾಗಿ ಇನ್ನೂ ಪ್ರಯತ್ನಿಸಬಹುದಿತ್ತು. ಸಿಕ್ಕಷ್ಟೇ ಸಾಕೆಂದು ಕಾರ್ಡನ್ನು ಡಬ್ಬಿಗೆ ಹಾಕಿ ಮುಚ್ಚಿದೆ.

ಪಡಿಯಚ್ಚಿನಲ್ಲಿ ಫೋಟೋ ಹುಡುಕಲು ಬಿಟ್ಟಾಗ ಮೊದಲು ಎದ್ದು ಬಂದದ್ದು ಬೇರೆ ಯಾರದ್ದೋ ನಾಮಕರಣ. ಆಮೇಲೆ ಯಾವುದೋ ಗೃಹಪ್ರವೇಶದ ಹಸು. ಫಾರ್ಮ್ಯಾಟ್ ಮಾಡಿದರೂ ಹಳೆಯದು ಪೂರ್ತಿ ಅಳಿಯುವುದಿಲ್ಲ, ಹೊಸದು ಮೇಲೆ ಬಂದು ಕೂರುವವರೆಗೆ ಅಡಿಯಲ್ಲಿ ಇದ್ದೇ ಇರುತ್ತದೆ. ನನಗೆ ಬೇಡವಾದದ್ದೆಲ್ಲ ಭದ್ರವಾಗಿತ್ತು. ಬೇಕಾದದ್ದು ಮಾತ್ರ ಕೊನೆಗೆ ಬಂತು, ಅದೂ ಹರಿದುಕೊಂಡು. ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತದ್ದು ಬಂತು. ಬಟ್ಟಲಿಗೆ ಬೆರಳದ್ದಿದ್ದು, ಮಗಳ ಕೆನ್ನೆಗೆ ಹಚ್ಚಿದ್ದು ಬರಲೇ ಇಲ್ಲ. ಮಗಳು ಕುಂಕುಮ ಇಡುವ ಫೋಟೋ ತೆರೆದರೆ ಮೇಲಿನ ಕಾಲು ಭಾಗ ಸರಿ, ಕೆಳಗೆಲ್ಲ ಗುಲಾಬಿ ಹಸಿರು ಪಟ್ಟೆ.

ನಾನು ತೆಗೆಯುವುದು ರಾ ಫೈಲು. ಅಂದರೆ ಕ್ಯಾಮೆರಾ ಕಂಡದ್ದನ್ನೆಲ್ಲ ಹಸಿಯಾಗಿಯೇ ಇಟ್ಟುಕೊಳ್ಳುವ ದೊಡ್ಡ ಫೈಲು. ಅದರ ಹೊಟ್ಟೆಯೊಳಗೇ, ಪರದೆಯ ಮೇಲೆ ಬೇಗ ತೋರಿಸಲೆಂದು, ಕ್ಯಾಮೆರಾ ಒಂದು ಚಿಕ್ಕ ಚಿತ್ರವನ್ನೂ ಮಾಡಿ ಇಟ್ಟಿರುತ್ತದೆ. ಸಾಮಾನ್ಯವಾಗಿ ಅದರ ಕಡೆ ನಾವು ತಿರುಗಿಯೂ ನೋಡುವುದಿಲ್ಲ. ಹರಿದ ಫೈಲುಗಳ ಹೊಟ್ಟೆಯಿಂದ ಆ ಚಿಕ್ಕ ಚಿತ್ರಗಳನ್ನು ಒಂದೊಂದಾಗಿ ಹೊರತೆಗೆದೆ. ಕೆಲವು ಖಾಲಿ. ಒಂದು ಪೂರ್ತಿಯಾಗಿ ತೆರೆದುಕೊಂಡಿತು. ದೊಡ್ಡ ಫ್ರೇಮಿಗೆ ಸಾಲದು, ಬಣ್ಣವೂ ಸ್ವಲ್ಪ ಮಂಕು. ಆದರೆ ಹರಿದಿರಲಿಲ್ಲ. ನಾನು ಒಬ್ಬಳೇ ಕೂತಲ್ಲೇ ಗಟ್ಟಿಯಾಗಿ "ಬಂತು" ಎಂದೆ.

ಮೊಬೈಲಿಗೆ ಕಳಿಸಬಹುದಿತ್ತು. ಕಳಿಸಲಿಲ್ಲ. ಪರದೆಯ ಮೇಲೆ ಕಂಡದ್ದನ್ನು ನಂಬುವ ಸ್ಥಿತಿಯಲ್ಲಿ ಆ ತಾಯಿ ಇರಲಿಲ್ಲ, ನಾನೂ ಇರಲಿಲ್ಲ. ಕೈಯಲ್ಲಿ ಹಿಡಿಯುವಷ್ಟು ಅಳತೆಗೆ ಒಂದು ಪ್ರಿಂಟ್ ಹಾಕಿದೆ.

ಮರುದಿನ ಭದ್ರಾವತಿಯ ಕಲ್ಯಾಣಮಂಟಪಕ್ಕೆ ಹೋದವಳು ಹೂವಿನ ಅಲಂಕಾರ, ಬಾಗಿಲ ತೋರಣ ಒಂದನ್ನೂ ತೆಗೆಯದೆ ನೇರ ಮದುಮಗಳ ಕೋಣೆಗೆ ನಡೆದೆ. ಜಡೆಗೆ ಹೂವು ಮುಡಿಸುತ್ತಿದ್ದರು. ಮೂಲೆಯಲ್ಲಿ ತಾಯಿ ಬುಟ್ಟಿಗೆ ವೀಳ್ಯದೆಲೆ ಜೋಡಿಸುತ್ತಿದ್ದರು. ಆಚೆ ಗೋಡೆಗೊರಗಿ ಅತ್ತೆ ಕೂತಿದ್ದರು. ಪ್ರಿಂಟನ್ನು ಮದುಮಗಳ ಕೈಗೆ ಕೊಟ್ಟೆ. ಅವಳು ನೋಡಿ, ಅಮ್ಮನ ಮುಂದೆ ಹಿಡಿದಳು.

ನಾನು ಅತ್ತೆಯ ಕಡೆ ತಿರುಗಿ, ಕವರಿನಲ್ಲಿದ್ದ ಹತ್ತಿಕಡ್ಡಿಯನ್ನು ತೋರಿಸಿದೆ. "ಇದು ಕಾರ್ಡಿನ ಮೇಲಿದ್ದದ್ದು ಅಮ್ಮ. ನನ್ನ ಕೈಯಿಂದ ಹೋಗಿದ್ದು. ಅವರು ಅರಿಶಿನ ಮುಟ್ಟೋಕೆ ಮುಂಚೆನೇ ನಾನು ಕಾರ್ಡ್ ಹಾಕಿ ಆಗಿತ್ತು."

ಎಣ್ಣೆಯೊಂದೇ ಕಾರಣ ಎಂದು ಪ್ರಮಾಣ ಮಾಡಿ ಹೇಳಲಾರೆ. ಕಾರ್ಡಿಗೂ ವಯಸ್ಸಾಗಿತ್ತು. ಆಫ್ ಮಾಡಿ ಆನ್ ಮಾಡಿದ್ದೂ ಸೇರಿರಬಹುದು. ಆ ಹೆಂಗಸಿನ ಕೈ ಕಾರಣವಲ್ಲ ಎನ್ನುವುದಂತೂ ನನಗೆ ಖಚಿತವಿತ್ತು, ಅಷ್ಟನ್ನು ನಡುಗದ ದನಿಯಲ್ಲಿ ಹೇಳಿದೆ.

ಅತ್ತೆ ಕವರನ್ನು ಬೆಳಕಿಗೆ ಹಿಡಿದು ನೋಡಿದರು. "ಅಯ್ಯೋ ಮಾರಾಯ್ತಿ, ನಿಂಗೆ ಹಚ್ಚಿದ್ದು ನಾನಲ್ವಾ?"

"ಹೌದು."

ನನಗೆ ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಅವರು ಕೂತಲ್ಲಿಂದ ಜರುಗಿ ತಮ್ಮನ ಹೆಂಡತಿಯ ಪಕ್ಕಕ್ಕೆ ಬಂದು ಕೂತರು. ತಾಯಿ ನಮ್ಮಿಬ್ಬರ ಮಾತು ಕೇಳಿಸಿಕೊಂಡರೋ ಇಲ್ಲವೋ ತಿಳಿಯದು. ಅವರು ಫೋಟೋವನ್ನೇ ನೋಡುತ್ತಿದ್ದರು. ಅದರಲ್ಲಿ ಮಗಳ ಬೆರಳು ಅವರ ಹಣೆಯ ಮೇಲಿತ್ತು, ಅವರು ಬಾಯಿತುಂಬ ನಗುತ್ತಿದ್ದರು.

"ನಾನು ನಕ್ಕಿದೀನಿ ಅತ್ತಿಗೆ" ಎಂದರು, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ.

"ನಕ್ಕಿದೀಯ, ಇಲ್ಲ ಅಂದೋರ್ಯಾರು? ಏಳು. ಸೀರೆ ಬದಲಾಯ್ಸು. ಮುಹೂರ್ತ ಕಾಯಲ್ಲ" ಎಂದರು ಅತ್ತೆ. ದನಿ ಒಡೆದಿತ್ತು, ಜೋರು ಮಾತ್ರ ಕಡಿಮೆಯಾಗಿರಲಿಲ್ಲ.

ಧಾರೆಗೆ ಆ ತಾಯಿಯೇ ನಿಂತರು. ಸಭೆಯಲ್ಲಿ ಗುಸುಗುಸು ಇತ್ತು, ಇಲ್ಲವೆನ್ನಲಾರೆ. ತುಂಬಿದ ಚೊಂಬು ಭಾರವಾಗಿ ವಾಲಿದಾಗ ಅತ್ತೆ ಕೆಳಗಿನಿಂದ ಆನಿಸಿ ಹಿಡಿದರು. ಎದುರಿನಲ್ಲಿ ನಾನು, ಪಕ್ಕದಲ್ಲಿ ವಿಡಿಯೋದವನು. ನನ್ನ ಬೆರಳುಗಳನ್ನು ಸೋಪು ಹಾಕಿ ಎಷ್ಟು ಸಲ ತೊಳೆದಿದ್ದೆನೆಂದರೆ ಚರ್ಮ ಬಿಳಿಚಿತ್ತು. ಹೊಸ ಕಾರ್ಡು ಹಾಕಿದ್ದೆ. ಆದರೂ ಪ್ರತಿ ಕ್ಲಿಕ್ಕಿಗೂ ಆ ಕೆಂಪು ದೀಪ ಆರುವವರೆಗೆ ಉಸಿರು ಬಿಡಲಿಲ್ಲ.

ಊಟದ ಹೊತ್ತಿಗೆ ಮೂಲೆಯಲ್ಲಿ ಕೂತು ಲ್ಯಾಪ್‌ಟಾಪಿಗೆ ಕಾಪಿ ಮಾಡಿಕೊಳ್ಳುತ್ತಿದ್ದೆ. ತಾಯಿ ನನ್ನನ್ನು ಪಂಕ್ತಿಗೆ ಕರೆಯಲು ಬಂದವರು ಪರದೆಯತ್ತ ಬಗ್ಗಿ ನೋಡಿದರು.

"ಬಂದಿದ್ಯಾ ಮೇಡಂ?"

ಬಂದಿದೆ ಎನ್ನುವುದು ಸುಲಭವಿತ್ತು. "ಈಗ್ಲೇ ಹೇಳೋಕಾಗಲ್ಲ ಅಮ್ಮ. ಕಾಪಿ ಆಗಿ, ತೆರೆದು ನೋಡಿದ ಮೇಲೇ ಹೇಳ್ತೀನಿ" ಎಂದೆ.

"ಬರದೆ ಇದ್ರೆ ಬಿಡಿ ಮೇಡಂ" ಎಂದರು ಆಕೆ. "ನಾನು ನಿಂತಿದ್ನಲ್ಲ. ಎಲ್ಲಾರೂ ನೋಡಿದ್ರಲ್ಲ. ಏಳಿ, ಊಟ ಆರೋಗುತ್ತೆ."